ಎರಡು ಸೀರೆಯ ಬಂದೂಕು

ಬೈಲಹೊಂಗಲದ ಬಸ್ ಸ್ಟ್ಯಾಂಡಿನಲ್ಲಿ ನಿಂತು ರಾಮದುರ್ಗದ ದಾರಿ ಕಾಯುವ ಕೆಲಸವನ್ನು ನಾನು ಒಂದು ವರ್ಷದ ಮೇಲೆ ಮಾಡಿದ್ದೇನೆ. ಹದಿನೈದು ದಿನಕ್ಕೊಮ್ಮೆ ಸೋಮವಾರ ಮುಂಜಾನೆ, ಕೈಯಲ್ಲಿ ಬುತ್ತಿಯ ಗಂಟು, ಮಗ್ಗುಲಿಗೆ ನಮ್ಮ ಮನೆಯವರು. ಕಂಡಕ್ಟರನಿಗೆ ನಮ್ಮ ಮುಖ ಎಷ್ಟು ರೂಢಿಯಾಗಿ ಹೋಗಿತ್ತೆಂದರೆ ಒಂದು ದಿನ ಅವನೇ ಕೇಳಿದ:

"ಯಾಕ್ರೀ ಯವ್ವಾ, ಮಗಳನ್ನ ರಾಮದುರ್ಗಕ್ಕ ಕೊಟ್ಟೀರೇನು? ತಪ್ಪದ ಹೊಂಟಿರತೀರಿ."

"ಇಲ್ಲಪಾ, ಇವರನ್ನ ಕೊಟ್ಟೇನಿ" ಅಂದೆ.

ಅವನು ನಕ್ಕ. ಹೆಂಗಸರದು ಪುಕ್ಕಟೆ ಚೀಟಿ, ನನ್ನ ಕೈಗೆ ಅದನ್ನು ಹರಿದುಕೊಟ್ಟು ಇವರ ಕಡೆ ತಿರುಗಿದ. ಇವರು ನಗಲಿಲ್ಲ. ಕಿಟಕಿಯ ಕಡೆ ಮುಖ ಮಾಡಿ, ಎರಡೂ ಅಂಗೈ ಮೊಣಕಾಲ ಮೇಲೆ ಬೋರಲು ಹಾಕಿಕೊಂಡು ಕೂತಿದ್ದರು. ನಾವು ಹೊರಟಿದ್ದು ಪೊಲೀಸ್ ಸ್ಟೇಷನ್ನಿಗೆ. ಜಾಮೀನು ಕೊಟ್ಟ ಕೋರ್ಟು, ಹದಿನೈದು ದಿನಕ್ಕೊಮ್ಮೆ ಹೋಗಿ ಅಲ್ಲಿಯ ಪುಸ್ತಕದಲ್ಲಿ ಸಹಿ ಮಾಡಬೇಕೆಂದು ಇವರಿಗೆ ಹೇಳಿತ್ತು. ಬಂದೂಕಿನ ಕೇಸು.

ಬಂದೂಕಿನ ಕೇಸು ಅಂದ ಕೂಡಲೇ ಕೇಳಿದವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ನಮ್ಮ ಮನೆಯವರನ್ನು ನೋಡಿದರೆ ಆ ಹೆಜ್ಜೆಯನ್ನು ಮತ್ತೆ ಮುಂದಿಡುತ್ತಾರೆ. ಬಸ್ ಡಿಪೋದಲ್ಲಿ ಫಿಟ್ಟರಾಗಿ ಮೂವತ್ತು ವರ್ಷದ ಮೇಲೆ ದುಡಿದು ಮನೆಗೆ ಬಂದ ಮನುಷ್ಯ. ಇಲಿ ಬಿದ್ದ ಬೋನನ್ನು ಹೊರಗೆ ಒಯ್ದು ಬಿಚ್ಚಿ ಬರುವವರು. ಡಿಪೋ ಬಿಟ್ಟ ಮೇಲೆ ಕೈ ಸುಮ್ಮನಿರಲಿಲ್ಲ, ಅಷ್ಟೇ. ಹಿತ್ತಲಿನಲ್ಲಿ ತಗಡಿನ ಚಪ್ಪರ ಹಾಕಿಕೊಂಡು ಹಳೆಯ ಸಾಮಾನುಗಳನ್ನು ಹೊಸದು ಮಾಡಲು ಕೂತರು. ತುಕ್ಕು ಹಿಡಿದ ಅಡಕತ್ತರಿ, ತೂಗುಮಂಚದ ಹಿತ್ತಾಳೆ ಸರಪಳಿ, ಬಾಗಿಲ ಚಿಲಕ, ಕೂಸಿನ ತೊಟ್ಟಿಲು. ಕಬ್ಬಿಣ ಸವೆಸುವ ಕಾನಸಿನಿಂದ ಉಜ್ಜುವುದು, ಪಾಲಿಶ್ ಪೇಪರಿನಿಂದ ತಿಕ್ಕುವುದು, ಅರಗನ್ನು ಸ್ಪಿರಿಟ್ಟಿನಲ್ಲಿ ನೆನೆಸಿ ಬಟ್ಟೆಯುಂಡೆಯಿಂದ ಕಟ್ಟಿಗೆಗೆ ಹಚ್ಚುವುದು, ಒಣಗಿದ ಮೇಲೆ ಮತ್ತೆ ತಿಕ್ಕುವುದು, ಮತ್ತೆ ಹಚ್ಚುವುದು. ಮನೆಯೆಲ್ಲ ಸ್ಪಿರಿಟ್ಟಿನ ನಾತ. ನಾನು ಮೂಗಿಗೆ ಸೆರಗು ಹಿಡಿದು ಚಹಾ ಕೊಟ್ಟು ಬರುತ್ತಿದ್ದೆ. ಯಾರಿಂದಲೂ ಒಂದು ಪೈಸೆ ಮುಟ್ಟುತ್ತಿರಲಿಲ್ಲ. "ಹವ್ಯಾಸಕ್ಕ ಕೂಲಿ ಇಸಗೊಂಡ್ರ ಅದು ಮತ್ತ ಡಿಪೋ ಆತು" ಎನ್ನುತ್ತಿದ್ದರು.

ಒಂದು ಗುಣವನ್ನು ಮಾತ್ರ ಮೊದಲೇ ಹೇಳಿಬಿಡಬೇಕು. 'ಇದು ಆಗೂದಿಲ್ಲ' ಎಂಬ ಮಾತು ಇವರ ಬಾಯಲ್ಲಿ ನಾನು ಕೇಳಿದವಳಲ್ಲ. ಎಂಥ ಮುರುಕಲನ್ನು ತಂದು ಮುಂದೆ ಇಟ್ಟರೂ ತಿರುಗಿಸಿ ಮುರುಗಿಸಿ ನೋಡಿ, "ಇರಲಿ, ಬಿಟ್ಟು ಹೋಗ್ರಿ" ಎನ್ನುವರು. ಆಗದ್ದನ್ನು ಆಗಿದೆ ಅನ್ನುವಂತೆ ಮಾಡಿಯಾದರೂ ಕೊಡುವರು. ನಮ್ಮಜ್ಜಿ ಮದುವೆಯಲ್ಲೇ ಇವರನ್ನು ಒಂದು ನೋಟ ನೋಡಿ, "ಈ ಅಳಿಯಾ ಸೋತೆ ಅನ್ನಾಂವಲ್ಲ, ಜ್ವಾಕಿ" ಅಂದಿದ್ದಳು. ನಾನು ಅದನ್ನು ಹೊಗಳಿಕೆ ಅಂದುಕೊಂಡಿದ್ದೆ.

ಬಂದೂಕು ಬಂದದ್ದು ಕಿತ್ತೂರ ಕಡೆಯ ಒಂದು ಹಳ್ಳಿಯ ವಾಡೆಯಿಂದ. ಹಳೆಯ ಕಂಬಳಿಯಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು, ಆ ವಾಡೆಯ ಹಿರಿಯರೇ ತಂದರು. ನಮ್ಮ ಮಾವನವರ ಕಾಲದಿಂದ ಹೋಗಿಬರುವ ಪರಿಚಯ. ನಳಿಗೆಯ ಬಾಯಿಯಿಂದ ಮದ್ದು ತುಂಬುವ, ಮುತ್ತಜ್ಜನ ಕಾಲದ ಬಂದೂಕು. ಕಟ್ಟಿಗೆಯ ಹಿಡಿಕೆಯನ್ನು ಗೆದ್ದಲು ತಿಂದಿತ್ತು, ನಳಿಗೆ ತುಕ್ಕು ಹಿಡಿದು ಕೆಂಪಾಗಿತ್ತು, ಮೇಲಿನ ಕುದುರಿ (ಎತ್ತಿ ಬಿಟ್ಟರೆ ಬಂದು ಬಡಿಯುವ ಕಬ್ಬಿಣದ ಕೊಕ್ಕು) ಅಲುಗಾಡುತ್ತಿರಲಿಲ್ಲ.

ಅವರ ವಾಡೆಯಲ್ಲಿ ಒಂದು ನಡಾವಳಿ. ಮಹಾನವಮಿಯ ಖಂಡೇಪೂಜೆಯ ದಿನ ಕತ್ತಿ, ಭರ್ಚಿಗಳ ಸಾಲಿನಲ್ಲಿ ಈ ಬಂದೂಕನ್ನೂ ಇಟ್ಟು, ಕುಂಕುಮ ಹಚ್ಚುವ ಮೊದಲು ಮನೆಯ ಹಿರಿಯ ಕುದುರಿಯನ್ನು ಎತ್ತಿ ಬಿಡಬೇಕು. ಟಕ್ ಎಂದು ಸಪ್ಪಳವಾದರೆ ಪೂಜೆ ಮುಟ್ಟಿತು. ಮದ್ದು ಗಿದ್ದು ಏನೂ ಇಲ್ಲ, ಸಪ್ಪಳ ಒಂದೇ.

"ಮೂರು ವರ್ಷಾತ್ರಿ, ಸಪ್ಪಳಿಲ್ಲದ ಪೂಜಾ ಮಾಡಾಕತ್ತೇನಿ" ಎಂದರು ಹಿರಿಯರು. "ಬಾಯಿಲೇ ಟಕ್ ಅಂತ ನಾನ ಅಂತೇನಿ. ಮೊಮ್ಮಕ್ಕಳು ನಗತಾವ."

"ಇರಲಿ, ಬಿಟ್ಟು ಹೋಗ್ರಿ" ಎಂದರು ನಮ್ಮವರು.

ಮೂರು ತಿಂಗಳು ಚಪ್ಪರದಲ್ಲಿ ಅದೇ ಕೆಲಸ. ಚಿಮಣಿ ಎಣ್ಣೆಯಲ್ಲಿ ನೆನೆ ಹಾಕಿ ಒಂದೊಂದೇ ಮೊಳೆ ಸಡಿಲಿಸಿದರು. ಹಳೆಯ ಗಡಿಯಾರವೊಂದರ ಪಟ್ಟಿಯನ್ನು ಬಡಿದು ಬಾಗಿಸಿ ಸ್ಪ್ರಿಂಗ್ ಮಾಡಿದರು. ಸಾಗವಾನಿ ಹಿಡಿಕೆ ಹೊಸದಾಗಿ ಕೆತ್ತಿ, ಅರಗು ಹಚ್ಚಿ ಹಚ್ಚಿ, ಕೊನೆಗೆ ಅದರಲ್ಲಿ ನನ್ನ ಮೂಗುತಿ ಕಾಣುವಂತೆ ಮಾಡಿದರು. ನಳಿಗೆಯನ್ನು ಹೇಗೆ ಕಪ್ಪು ನೀಲಿ ಮಾಡಿದರೋ, ಹೊಸ ಬೋರವೆಲ್ಲಿನ ಪೈಪಿಗೂ ಆ ಹೊಳಪಿಲ್ಲ. ಖಂಡೇಪೂಜೆಗೆ ನಮ್ಮನ್ನೂ ಕರೆದಿದ್ದರು. ಹಿರಿಯರು ಕುದುರಿ ಎತ್ತಿ ಬಿಟ್ಟಾಗ ಟಕ್ ಎಂದದ್ದು ಪಡಸಾಲೆಯ ಆಚೆ ಕೂತಿದ್ದ ನನಗೂ ಕೇಳಿಸಿತು. ಹಿರಿಯರ ಕಣ್ಣಲ್ಲಿ ನೀರು. ನಮ್ಮವರ ಬೆನ್ನು ತಟ್ಟಿ, "ಸತ್ತದ್ದನ್ನ ಎಬ್ಬಿಸಿದ್ರಿ ನೀವು" ಎಂದರು. ಆ ಮಾತನ್ನು ಇವರು ಮನೆಗೆ ಬಂದು ನನಗೆ ನಾಲ್ಕು ಸಲ ಹೇಳಿದರು. ನಾನೂ ಅಲ್ಲೇ ಕೂತು ಕೇಳಿದ್ದೆ ಎಂಬುದು ಅವರ ಲಕ್ಷ್ಯದಲ್ಲಿರಲಿಲ್ಲ.

ಮರುವರ್ಷ ಆ ಹಿರಿಯರು ತೀರಿಕೊಂಡರು. ಮಕ್ಕಳಿಗೆ ಸಪ್ಪಳದ ಗೊಡವೆ ಇರಲಿಲ್ಲ. ವಾಡೆಯ ಮಾಳಿಗೆ ಬಿಚ್ಚಿಸುವಾಗ ಬಂದೂಕನ್ನು ತಂದು ನಮ್ಮ ಮನೆಯಲ್ಲಿ ಇಟ್ಟು, "ನೀವ ಇಟಗೋರಿ ಕಾಕಾ, ನಮಗ್ಯಾಕ" ಎಂದು ಹೋದರು. ಕಾಗದ ಪತ್ರ ಏನೂ ಇರಲಿಲ್ಲ. ನಾವೂ ಕೇಳಲಿಲ್ಲ. ತಾಮ್ರದ ಹಂಡೆ ಕೊಟ್ಟರೆ ಯಾರಾದರೂ ಕಾಗದ ಕೇಳುತ್ತಾರೆಯೇ?

ರಾಮದುರ್ಗದ ಸೀರೆ ವ್ಯಾಪಾರಿಯೊಬ್ಬರು ಇವರ ಡಿಪೋದ ಗೆಳೆಯನ ಸಂಬಂಧಿಕರು. ಒಂದು ಮದುವೆಯ ಕರೆಯೋಲೆ ಕೊಡಲು ಬಂದವರು ಪಡಸಾಲೆಯ ಗೋಡೆಗೆ ತೂಗು ಹಾಕಿದ್ದ ಬಂದೂಕನ್ನು ನೋಡಿದರು. ನೋಡಿದವರು ಚಹಾ ಆರುವವರೆಗೂ ಅದರ ಮುಂದೆಯೇ ನಿಂತರು.

"ಅಂಗಡಿ ಹೊಸದಾಗಿ ಮಾಡಸಾಕತ್ತೇನ್ರಿ. ಗಾದಿ ಹಿಂದಿನ ಗ್ವಾಡಿಗೆ ಇದನ್ನ ತೂಗ ಹಾಕಿದ್ರ, ಏನ್ ಕಳಾ ಬರತೈತಿ!" ಎಂದರು. "ರೊಕ್ಕಾ ಹೇಳ್ರಿ."

"ರೊಕ್ಕಾ ನಾ ಇಸಗೊಳ್ಳೂದಿಲ್ಲ."

"ಹಂಗಾರ ವೈನಿಯವರಿಗೆ ಎರಡು ಸೀರಿ ಕೊಡತೇನಿ. ನಮ್ಮ ಮಗ್ಗದ್ದು. ಒಲ್ಲೆ ಅನಬ್ಯಾಡ್ರಿ."

ಇವರು ನನ್ನ ಮುಖ ನೋಡಿದರು. ನಾನು ಒಲ್ಲೆ ಅನ್ನಲಿಲ್ಲ. ಅದನ್ನು ಇಲ್ಲಿ ಬರೆದಿಡಲೇಬೇಕು, ಇಷ್ಟು ದಿನ ಎಲ್ಲ ತಪ್ಪನ್ನೂ ಅವರ ತಲೆಗೆ ಕಟ್ಟಿ ಮಾತಾಡಿದ್ದೇನೆ. ಗೋಡೆಯ ಮೇಲಿನ ಧೂಳು ಒರೆಸಿ ಸಾಕಾಗಿತ್ತು. ಸೀರೆ ಎಂದಾಗ ಸಂತೋಷವಾಯಿತು. ಒಂದು ದಾಳಿಂಬರ ಹೂವಿನ ಬಣ್ಣದ್ದು, ತೆನೆ ಸೆರಗು. ಇನ್ನೊಂದು ಗಿಳಿ ಹಸಿರು.

ಮುಂದೆ ಒಂದು ಚುನಾವಣೆ ಬಂತು. ಚುನಾವಣೆ ಬಂದರೆ ಲೈಸೆನ್ಸ್ ಇದ್ದವರೂ ತಮ್ಮ ಬಂದೂಕುಗಳನ್ನು ಸ್ಟೇಷನ್ನಿಗೆ ಒಯ್ದು ಇಡಬೇಕು ಎಂಬುದು ಈ ಕಡೆಯವರಿಗೆಲ್ಲ ಗೊತ್ತು. ಒಬ್ಬ ಹವಾಲ್ದಾರ ಹೆಂಡತಿಯ ಜೊತೆ ಸೀರೆ ಕೊಳ್ಳಲು ಆ ಅಂಗಡಿಗೆ ಹೋದ. ಹೆಂಡತಿ ಸೀರೆ ನೋಡಿದಳು, ಅವನು ಗೋಡೆ ನೋಡಿದ.

"ಸಾವಕಾರ್ರ, ಇದನ್ನ ಯಾಕ ಜಮಾ ಮಾಡಿಲ್ಲ?"

"ಅದು ಶೋಕಿಂದ್ರಿ."

"ಶೋಕಿಂದಂತ ಬರದ ಕಾಗದ ಐತೇನು?"

ಅಷ್ಟೇ. ಮೂರನೆಯ ದಿನ ನಮ್ಮವರಿಗೆ ಕರೆ ಬಂತು. ನಾನೂ ಬರುತ್ತೇನೆ ಎಂದು ಜೊತೆಗೆ ಹೊರಟೆ. ಸ್ಟೇಷನ್ನಿಗೆ ಹೋಗುವುದೆಂದರೆ ನಾಲ್ಕು ಜನರಲ್ಲಿ ಹೋಗುವುದು, ಮರ್ಯಾದೆಯಿಂದ ಕಾಣಬೇಕೆಂದು ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟುಕೊಂಡೆ. ದಾಳಿಂಬರ ಹೂವಿನ ಬಣ್ಣದ್ದು.

ಸಾಹೇಬರು ಚಿಕ್ಕ ವಯಸ್ಸಿನವರು, ನಮಗೆ ಕುರ್ಚಿ ಹಾಕಿಸಿದರು. ಮೇಜಿನ ಮೇಲೆ ಆ ಬಂದೂಕು ಮಲಗಿತ್ತು. ಹಿಡಿಕೆಯಲ್ಲಿ ಮೇಲಿನ ಫ್ಯಾನು ತಿರುಗುವುದು ಕಾಣುತ್ತಿತ್ತು. ವ್ಯಾಪಾರಿ ಮೂಲೆಯ ಬಾಕಿನ ಮೇಲೆ ಬೆವರು ಒರೆಸಿಕೊಳ್ಳುತ್ತ ಕೂತಿದ್ದರು.

"ಇದನ್ನ ಮಾಡಿದವರು ನೀವೇನ್ರಿ ಅಜ್ಜಾರ?" ಎಂದರು ಸಾಹೇಬರು. "ಚಲೋ ಆಗೇತಿ. ಆದ್ರ ಇದರಾಗ ಗುಂಡು ಹಾರತೈತೇನು?"

ನಾನು ಮೇಜಿನ ಕೆಳಗೆ ಇವರ ಕಾಲು ತುಳಿದೆ. ಕಾಯ್ದೆ ನನಗೇನು ಗೊತ್ತು, ಆದರೂ ಒಳಗಿನಿಂದ ಯಾರೋ ತುಳಿ ಅಂದಂತಾಯಿತು. ಇವರು ಕಾಲು ಸರಿಸಿಕೊಂಡು ಎದೆ ಮುಂದೆ ಮಾಡಿ ಹೇಳಿದರು:

"ಹಾರದ ಏನ್ರಿ? ನನ್ನ ಕೈಯಾಗ ಹಾದು ಹೋದದ್ದು ಯಾವುದು ನಿಂತೈತಿ? ಮೂವತ್ತು ವರ್ಷದಾಗ ನಾ ಬಿಟ್ಟ ಒಂದು ಗಾಡಿ ದಾರ್ಯಾಗ ನಿಂತಿಲ್ಲ. ಕುದುರಿ ಎತ್ತಿ ನೋಡ್ರಿ ಬೇಕಾರ."

ಅಂಗಡಿಗೆ ಹೋಗಿದ್ದ ಹವಾಲ್ದಾರನೇ ಬರೆದುಕೊಳ್ಳುತ್ತಿದ್ದ, ಅವನ ಪೆನ್ನು ನಿಂತಿತು. "ಇದನ್ನೂ ಬರೀಲೇನ್ರಿ ಸರ್?"

"ಅಂದಾರಲ್ಲ. ಬರೀರಿ" ಎಂದರು ಸಾಹೇಬರು. ಅವರ ದನಿಯಲ್ಲಿ ನಮ್ಮ ಬಗ್ಗೆ ಒಂದು ಬೇಸರ ಇತ್ತು, ತಮ್ಮ ಮನೆಯ ಹಿರಿಯನೊಬ್ಬ ತಪ್ಪು ಬಸ್ಸು ಹತ್ತಿದ್ದನ್ನು ನೋಡಿದವರಂತೆ.

ಆಗ ವ್ಯಾಪಾರಿ ಎದ್ದು ನಿಂತರು. ತಮ್ಮನ್ನೂ ಇವರನ್ನೂ ಒಟ್ಟಿಗೆ ಪಾರು ಮಾಡುವ ಮಾತು ಅವರಿಗೆ ಹೊಳೆದಿತ್ತು. "ಸಾಹೇಬ್ರ, ನಾ ಒಂದು ರೂಪಾಯಿ ಕೊಟ್ಟಿಲ್ರಿ. ಇದು ಖರೀದಿನ ಅಲ್ರಿ. ಬೇಕಾರ ಅಲ್ಲೇ ನೋಡ್ರಿ, ವೈನಿಯವರು ಉಟಗೊಂಡ ಬಂದಾರಲ್ಲ, ಅದ ಸೀರಿ ಕೊಟ್ಟದ್ದು. ಅದೊಂದು, ಹಸರದೊಂದು!"

ಸ್ಟೇಷನ್ನಿನಲ್ಲಿ ಇದ್ದವರೆಲ್ಲ ತಿರುಗಿ ನನ್ನ ಸೀರೆ ನೋಡಿದರು. ನಾನು ಹುಟ್ಟಿದಾಗಿನಿಂದ ಅಷ್ಟು ಗಂಡಸರು ಒಮ್ಮೆಲೇ ನನ್ನ ಸೀರೆ ನೋಡಿದ್ದಿಲ್ಲ. ನಾನು ಸೆರಗು ಎಳೆದುಕೊಂಡೆ, ಅದೂ ಅದೇ ಸೀರೆಯ ಸೆರಗು.

ಹವಾಲ್ದಾರ ಮೆತ್ತಗೆ ಅಂದ: "ಯವ್ವಾ, ಸೀರಿ ಮುದ್ದೆಮಾಲು ಆಗತೈತ್ರಿ." ಮುದ್ದೆಮಾಲು ಅಂದರೆ ಕೇಸಿನ ಸಾಕ್ಷಿಗೆಂದು ಹಿಡಿದಿಡುವ ಸಾಮಾನು. "ಈಗ ಬ್ಯಾಡ. ಮನಿಗೆ ಹೋಗಿ ಎರಡೂ ತಂದುಕೊಡ್ರಿ."

"ಇಸ್ತ್ರಿ ಮಾಡಿ ತರಬೇಕೇನಪಾ?" ಅಂದೆ. ಸಿಟ್ಟಿಗೆ ಅಂದದ್ದು. ಅವನು ಪಾಪ, "ಹಂಗೇನಿಲ್ರಿ, ನಿಮ್ಮ ಅನುಕೂಲ" ಎಂದ.

ಸವದತ್ತಿ ನನ್ನ ತವರು. ಅಲ್ಲಿ ನನ್ನ ತಮ್ಮನ ಜೋಡಿ ಸಾಲಿ ಕಲಿತ ಹುಡುಗನೊಬ್ಬ ಈಗ ತಲೆ ನರೆತ ವಕೀಲ. ನನಗೆ ಅಕ್ಕಾ ಅನ್ನುತ್ತಾನೆ, ಇವರಿಗೆ ಮಾಮಾ. ಅವನ ಕೋಣೆಯಲ್ಲಿ ಕೂತು ಎಲ್ಲ ಹೇಳಿದೆವು. ಇವರು 'ಹಾರದ ಏನ್ರಿ' ಎಂದ ಜಾಗಕ್ಕೆ ಬಂದಾಗ ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಮಾಮಾ, ಇಷ್ಟು ಚಲೋ ಮಾತು ನನ್ನ ವಿರುದ್ಧ ಯಾವ ಸರಕಾರಿ ವಕೀಲನೂ ಆಡಿಲ್ಲ."

"ನಾ ಏನು ಕಳವು ಮಾಡೇನೇನೋ? ಮಾರಿಯೂ ಇಲ್ಲ. ಸ್ನೇಹದಾಗ ಕೊಟ್ಟೇನಿ."

"ಮಾರೂದಷ್ಟ ಅಲ್ರಿ. ಲೈಸೆನ್ಸ್ ಇಲ್ಲದ ಬಂದೂಕ ಮಾಡೂದು, ಮಾರೂದು, ಇನ್ನೊಬ್ಬರ ಕೈಗೆ ಕೊಡೂದು, ರಿಪೇರಿ ಮಾಡೂದು, ಎಲ್ಲಾ ಒಂದ ಸಾಲಿನ್ಯಾಗ ಬರದೈತಿ ಕಾಯ್ದೆ. ರೊಕ್ಕಾ ಕೊಟ್ಟರೇನು, ಸೀರಿ ಕೊಟ್ಟರೇನು, ಕೈ ಬದಲಾತಿಲ್ಲೋ?"

"ಪಾಲಿಶ್ ಮಾಡೂದೂ ತಪ್ಪೇನೋ ತಮ್ಮಾ?" ಎಂದು ನಾನು ಕೇಳಿದೆ. ನನ್ನ ಕಣ್ಣ ಮುಂದೆ ಇದ್ದದ್ದು ಆ ಬಟ್ಟೆಯುಂಡೆ, ಆ ಅರಗು.

"ಬರೇ ಕಟ್ಟಿಗಿಗೆ ಅರಗ ಹಚ್ಚಿದ್ರ ನಾ ಬಡದಾಡತಿದ್ದೆ ಅಕ್ಕಾ. ಮಾಮಾ ಕುದುರಿ ಬಿಚ್ಯಾರ, ಸ್ಪ್ರಿಂಗ್ ಹಾಕ್ಯಾರ, ಟಕ್ ಅನಿಸ್ಯಾರ. ಪಾಲಿಶ್ ಎಲ್ಲಿಗೆ ಮುಗೀತು, ರಿಪೇರಿ ಎಲ್ಲಿಂದ ಸುರು ಆತು ಅಂತ ಜಡ್ಜ್ ಸಾಹೇಬ್ರು ಕೇಳಿದ್ರ ನಾ ಏನು ತೋರಸಲಿ?" ಕನ್ನಡಕ ಮತ್ತೆ ಏರಿಸಿಕೊಂಡು ಹೇಳಿದ: "ಒಂದ ಬಾಗಲಾ ಐತಿ. ಹಳೇ ಕಾಲದ್ದು, ಕೆಟ್ಟು ಹೋಗೇತಿ, ರಿಪೇರಿ ಮಾಡಿದ್ರೂ ಹಾರೂದಿಲ್ಲ ಅಂತ ಸಾಬೀತಾದ್ರ ಅದು ಕಾಯ್ದೆ ಪ್ರಕಾರ ಬಂದೂಕನ ಅಲ್ಲ. ಗ್ವಾಡಿ ಸಾಮಾನು. ತಪಾಸಣಿಗೆ ಬೆಂಗಳೂರಿನ ಲ್ಯಾಬಿಗೆ ಕಳಸ್ಯಾರ, ಅಲ್ಲಿಂದ ಏನು ಬರತೈತೋ. ಅಷ್ಟರಾಗ ನೀವು ಒಂದು ಬರದುಕೊಡ್ರಿ ಮಾಮಾ. ನನಗ ಬಂದೂಕಿನ ಕೆಲಸ ತಿಳಿಯೂದಿಲ್ಲ, ತೋರಿಕಿಗೆ ಮಾಡೇನಿ, ಅದು ಹಾರೂದಿಲ್ಲ, ಅಂತ."

"ಬರದುಕೊಡೂದಿಲ್ಲ."

"ಯಾಕ್ರಿ?"

"ಸುಳ್ಳ ಹೆಂಗ ಬರೀಲಿ?"

ವಕೀಲ ನನ್ನ ಕಡೆ ನೋಡಿದ. ನಾನು ಅವನ ಕೋಣೆಯ ಕ್ಯಾಲೆಂಡರಿನ ಕಡೆ ನೋಡಿದೆ. "ಬೆಂಗಳೂರಿನವರು ಹಾರತೈತಿ ಅಂದ್ರ ವರ್ಷಗಟ್ಟಲೆ ಒಳಗ ಕುಂಡ್ರಬೇಕಾಗತೈತಿ, ಅಕ್ಕಾ" ಎಂದು ಅವನು ನನಗೆ ಹೇಳಿದ, ಇವರು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ.

ಅವನು ಓಡಾಡಿ ಬೆಳಗಾವಿಯಲ್ಲಿ ಜಾಮೀನು ಮಾಡಿಸಿಕೊಟ್ಟ. ಆಮೇಲೆ ಸುರುವಾದವು ಸೋಮವಾರಗಳು.

ಬೈಲಹೊಂಗಲದಿಂದ ಯರಗಟ್ಟಿ, ಯರಗಟ್ಟಿಯಲ್ಲಿ ಇಳಿದು ಇನ್ನೊಂದು ಬಸ್ಸು. ಅಲ್ಲಿ ಒಂದು ಚಹಾ. ರಾಮದುರ್ಗದಲ್ಲಿ ಇಳಿದು ಸ್ಟೇಷನ್ನಿನ ಬೇವಿನ ಗಿಡದ ಕೆಳಗೆ ಸರದಿ ಕಾಯುವುದು. ಒಂದು ಸಹಿ. ಸಹಿಗೆ ಅರ್ಧ ನಿಮಿಷ ಸಾಕು, ಅದಕ್ಕೆ ಇಡೀ ದಿನ. ಹವಾಲ್ದಾರ ಪುಸ್ತಕ ತಿರುಗಿಸಿ ಕೊಡುತ್ತ ಪ್ರತಿ ಸಲ, "ಬೆಂಗಳೂರಿಂದ ಇನ್ನೂ ಬಂದಿಲ್ರಿ ಅಜ್ಜಾರ" ಎನ್ನುತ್ತಿದ್ದ. ಬರಬರುತ್ತ ನನ್ನ ಮೊಣಕಾಲ ನೋವನ್ನೂ ಕೇಳತೊಡಗಿದ. ಅವನ ತಾಯಿಗೂ ಅದೇ ನೋವಂತೆ, ಎಣ್ಣೆಯ ಹೆಸರು ಹೇಳಿದ. ನಾನು ಅವನಿಗೆ ರೊಟ್ಟಿಯ ಜೊತೆ ತಿನ್ನಲು ಶೇಂಗಾ ಹಿಂಡಿ ಕಟ್ಟಿಕೊಂಡು ಹೋದ ಸೋಮವಾರವೂ ಇದೆ. ಬುತ್ತಿಯ ರೊಟ್ಟಿ ಒಂದೊಂದು ಸಲ ಹೋದ ಹಾಗೆಯೇ ಮನೆಗೆ ಮರಳುತ್ತಿತ್ತು.

ವಾಡೆಯ ಮಕ್ಕಳನ್ನೂ ಪೊಲೀಸರು ಕೇಳಿದ್ದರು. "ನಮ್ಮ ಮನ್ಯಾಗ ಬಂದೂಕ ಇದ್ದದ್ದ ನಮಗ ನೆನಪಿಲ್ಲ" ಎಂದರಂತೆ. ಸಂಪಗಾಂವದಲ್ಲಿ ಒಂದು ಸೀಮಂತಕ್ಕೆ ಹೋದಾಗ ನನ್ನ ನಾದಿನಿ ಎಲ್ಲರ ಮುಂದೆ, "ನಮ್ಮ ವೈನಿ ಬಂದ್ರ ಜ್ವಾಕಿ ಇರ್ರಿ, ಉಟ್ಟ ಸೀರೀನೂ ಠಾಣೇಕ್ಕ ಕೊಟ್ಟ ಬಂದಾಕಿ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಕೈ ತೊಳೆಯುವ ನೆವ ಮಾಡಿ ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಚಪ್ಪರಕ್ಕೆ ಬೀಗ ಬಿದ್ದಿತ್ತು. ಕೇಸು ಮುಗಿಯುವವರೆಗೂ ಏನನ್ನೂ ಮುಟ್ಟಬೇಡಿರೆಂದು ವಕೀಲ ಹೇಳಿದ್ದ. ಅಡಕತ್ತರಿ ಹರಿತ ಮಾಡಿಸಲು ಬಂದ ಮುದುಕಿಯನ್ನೂ ನಾನು ಮರಳಿ ಕಳಿಸಿದೆ. ಇವರು ಪಡಸಾಲೆಯಲ್ಲಿ ಕೂತು ಉಗುರಿನಿಂದ ಕುರ್ಚಿಯ ಕೈ ಕೆರೆಯುತ್ತಿದ್ದರು. ಬಣ್ಣ ಎದ್ದು ಹೋಗಿ ಬಿಳಿ ಕಟ್ಟಿಗೆ ಕಾಣುವವರೆಗೂ ಕೆರೆದರು. ನಾನು ದಿನಾ ದೇವರ ಮುಂದೆ ನಿಂತು, ತಾಯಿ, ಆ ಬಂದೂಕು ಹಾರದೇ ಇರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಮಗ್ಗುಲಲ್ಲಿ ಕಣ್ಣು ಮುಚ್ಚಿ ನಿಂತ ಈ ಮನುಷ್ಯ ಏನು ಬೇಡುತ್ತಿದ್ದಾರೆ ಎಂಬುದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ಹಾರುತ್ತದೆ ಎಂದು ಬರಲಿ, ಜೇಲಾದರೂ ಆಗಲಿ, ಕೆಲಸಕ್ಕೆ ಹೆಸರು ಬರಲಿ ಎಂದು ಬೇಡುವ ಜಾತಿ ಅದು. ಒಂದೇ ದೇವರ ಮುಂದೆ ನಿಂತು ಗಂಡ ಹೆಂಡತಿ ಒಬ್ಬರ ಬೇಡಿಕೆಯನ್ನು ಇನ್ನೊಬ್ಬರು ಕಡಿದು ಹಾಕುತ್ತಿದ್ದೇವೆ, ದೇವರಿಗೂ ಸಾಕಾಗಿರಬೇಕು ಅನ್ನಿಸುತ್ತಿತ್ತು.

ವರದಿ ಬಂದ ಸುದ್ದಿಯನ್ನು ವಕೀಲ ಫೋನಿನಲ್ಲಿ ಹೇಳಲಿಲ್ಲ. "ಬರ್ರಿ" ಅಂದ, ಅಷ್ಟೇ. ಸವದತ್ತಿಗೆ ಹೋಗುವ ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ಇವರ ಸ್ವೆಟರು, ಗುಳಿಗೆ, ಕನ್ನಡಕದ ಇನ್ನೊಂದು ಜೋಡಿಯನ್ನು ಚೀಲಕ್ಕೆ ತುಂಬುತ್ತಿದ್ದೆ.

ಅವನು ಕಾಗದವನ್ನು ಬೆಳಕಿಗೆ ಹಿಡಿದು ಓದಿದ. "ನಳಿಗೆಯ ಹಿಂಬದಿಯಲ್ಲಿ ಉದ್ದನೆಯ ಸೀಳು ಇರುತ್ತದೆ. ಸದರಿ ಸೀಳನ್ನು ಹೊರಗಿನಿಂದ ಬೆಸುಗೆ ತುಂಬಿ, ಉಜ್ಜಿ, ಬಣ್ಣ ಕಟ್ಟಿ ಮುಚ್ಚಲಾಗಿದೆ. ದುರಸ್ತಿ ಮಾಡಿದರೂ ಮಾಡದಿದ್ದರೂ ಸದರಿ ವಸ್ತುವು ಬಂದೂಕಾಗಿ ಬಳಕೆಗೆ ಬರುವುದಿಲ್ಲ." ಓದಿ ಮುಗಿಸಿ ಮೇಜು ಗುದ್ದಿದ. "ಗೆದ್ವಿ ಅಕ್ಕಾ! ಇನ್ನ ಬಿ ರಿಪೋರ್ಟ್ ಹಾಕ್ತಾರ, ಕೇಸ್ ಅಲ್ಲಿಗೆ ಮುಗೀತು. ಸಾವಕಾರ್ರದೂ ಮುಗೀತು. ಮಾಮಾ, ನಿಮ್ಮ ಕೆಲಸ ಕೆಟ್ಟಿತ್ತಂತ ನೀವು ಉಳದ್ರಿ!"

ನಾನು ಇವರ ಕಡೆ ತಿರುಗಿದೆ. ಸಿಟ್ಟಿಗೇಳುತ್ತಾರೆ, ಬೆಂಗಳೂರಿನವರಿಗೆ ಏನು ತಿಳಿಯುತ್ತದೆ ಎನ್ನುತ್ತಾರೆ, ಆ ಕಾಗದವನ್ನು ಸುಳ್ಳು ಮಾಡಲು ಅಲ್ಲೇ ಕೂತು ಅರ್ಜಿ ಬರೆಸುತ್ತಾರೆ ಎಂದು ನಾನು ಬಾಯಿ ಮುಚ್ಚಿಸಲು ತಯಾರಾಗಿದ್ದೆ. ಇವರು ಕಿಟಕಿಯ ಆಚೆ, ಎದುರಿನ ಹಾರ್ಡ್‌ವೇರ್ ಅಂಗಡಿಯ ಮುಂದೆ ಪೈಪು ಇಳಿಸುತ್ತಿದ್ದುದನ್ನು ನೋಡುತ್ತಿದ್ದರು. ಹೊರಗಿನಿಂದ ಬೆಸುಗೆ ತುಂಬಿ, ಉಜ್ಜಿ, ಬಣ್ಣ ಕಟ್ಟಿ. ಆ ಕೈ ಯಾರದು ಎಂದು ಬೆಂಗಳೂರಿನವರು ಬರೆದಿರಲಿಲ್ಲ.

ಕೋರ್ಟಿನ ಕೆಲಸ ಮುಗಿಯಲು ಮತ್ತೆ ಕೆಲವು ತಿಂಗಳು ಹಿಡಿದವು. ಇವರು ಆ ವರದಿಯ ಮಾತು ತೆಗೆಯಲಿಲ್ಲ. ನಾನು ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು. ಕೊನೆಯ ಸಲ ರಾಮದುರ್ಗಕ್ಕೆ ಹೋದದ್ದು ನನ್ನ ಸೀರೆ ತರಲು. ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಗಂಟಿನ ಮೇಲೆ ಅರಗಿನ ಮುದ್ರೆ ಒತ್ತಿದ ಕಟ್ಟು. ಹವಾಲ್ದಾರ ಸಹಿ ಮಾಡಿಸಿಕೊಂಡು, "ಬಂದೂಕನ್ನೂ ಒಯ್ತೀರೇನ್ರಿ ಅಜ್ಜಾರ? ಅರ್ಜಿ ಕೊಟ್ರ ಕೋರ್ಟು ಕೊಡತೈತಿ" ಎಂದ. ಸೀರೆ ವ್ಯಾಪಾರಿ ಬೇಡವೆಂದು ಮೊದಲೇ ಬರೆದುಕೊಟ್ಟಿದ್ದರು. ಇವರೂ ಬೇಡವೆಂದು ತಲೆ ಅಲ್ಲಾಡಿಸಿದರು.

ಬಸ್ಸಿನಲ್ಲಿ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅರ್ಧ ದಾರಿಗೆ ಇವರ ಕಡೆ ತಿರುಗಿದೆ.

"ನಳಿಗಿ ಸೀಳಿದ್ದು ನಿಮಗ ಗೊತ್ತಿತ್ತು" ಅಂದೆ.

ಯರಗಟ್ಟಿಯಲ್ಲಿ ಇಳಿದು, ಮಾಮೂಲಿನ ಅಂಗಡಿಯ ಬಾಕಿನ ಮೇಲೆ ಕೂತು, ಚಹಾದ ಗ್ಲಾಸು ಕೈಗೆ ಬಂದ ಮೇಲೆ ಹೇಳಿದರು:

"ಗೊತ್ತಿತ್ತು."

"ಯಾವಾಗಿಂದ?"

"ಮೊದಲನೇ ವಾರದಾಗ. ನಳಿಗ್ಯಾಗ ಚಿಮಣಿ ಎಣ್ಣಿ ತುಂಬಿ ನಿಲ್ಲಿಸಿದ್ನಲ್ಲ, ಕೂದಲಿನಂಥಾ ಸೀಳಿನ್ಯಾಗಿಂದ ಹನಿ ಹನಿ ಒಸರತು."

"ಮತ್ತ ವಾಡೇದವರಿಗೆ ಯಾಕ ಹೇಳಲಿಲ್ಲ?"

"ಅವರಿಗೆ ಬೇಕಾದ್ದು ಸಪ್ಪಳ. ಹೊಡಿಯಾವರು ಯಾರಿದ್ರು? ಸೀಳು ಹಂಗ ಕಾಣೂದು ಚಂದಿರಲಿಲ್ಲ, ತುಂಬಿ ಉಜ್ಜಿಬಿಟ್ಟೆ. ಆ ಹಿರ್ಯಾ ಎಲ್ಲಾರ ಮುಂದ ಬೆನ್ನು ತಟ್ಟಿದ. ಸತ್ತದ್ದನ್ನ ಎಬ್ಬಿಸಿದ್ರಿ ಅಂದ. ಆಮ್ಯಾಲ ಹೆಂಗ ಹೇಳಲಿ?"

"ಸ್ಟೇಷನ್ನಿನ್ಯಾಗ ಹೇಳಬೇಕಿತ್ತು. ವಕೀಲನ ಮುಂದ ಹೇಳಬೇಕಿತ್ತು. ಸುಳ್ಳ ಹೆಂಗ ಬರೀಲಿ ಅಂದ್ರಲ್ಲ ನೀವು! ನನ್ನ ಮಣಕಾಲ ಹೋದೂ, ಮನಿ ಮರ್ಯಾದಿ ಹೋತು, ದಿನಾ ದೇವರ ಮುಂದ..." ಗ್ಲಾಸನ್ನು ಬಾಕಿನ ಮೇಲೆ ಕುಕ್ಕಿದೆ. "ದೇವರ ಮುಂದ ನಿಂತು ಏನು ಬೇಡತಿದ್ರಿ ನೀವು?"

"ಒಳಗ ಯಾರೂ ನೋಡದಿರಲಿ ಅಂತ."

ಚಹಾ ಅಂಗಡಿಯವನು ಗ್ಲಾಸು ತೊಳೆಯುತ್ತಿದ್ದ. ಬೆಳಗಾವಿಯ ಬಸ್ಸೊಂದು ಬಂದು ಹೋಯಿತು. ನನಗೆ ಮತ್ತೊಂದು ಮಾತು ಹೊಳೆಯಿತು.

"ರೀ, ಆ ಅಂಗಡ್ಯಾಗ ಯಾರರ ಹುರುಪಿನವರು ಇಳಿಸಿ, ಮದ್ದು ತುಂಬಿ ಹೊಡದಿದ್ರ? ಹಾರತೈತಿ ಅಂತ ನೀವ ಊರೆಲ್ಲಾ ಹೇಳೀರಿ."

ಇವರು ಕಣ್ಣು ಮುಚ್ಚಿದರು. "ಸೀಳತಿತ್ತು. ಕೈ ಹೋಗತಿತ್ತು. ಕಣ್ಣೂ." ಆಮೇಲೆ, ಬಹಳ ಸಣ್ಣ ದನಿಯಲ್ಲಿ, "ಹಗಲೆಲ್ಲಾ ಅದ ಬರತೈತಿ ಕಣ್ಣಮುಂದ" ಎಂದರು.

ಆ ಕಾಯ್ದೆಯನ್ನು ನಾನು ವರ್ಷವಿಡೀ ಬೈದಿದ್ದೆ. ಕಳ್ಳರಿಗೆ ಮಾಡಿದ ಬಲೆಯಲ್ಲಿ ನಮ್ಮಂಥವರನ್ನು ಹಿಡಿಯುತ್ತಾರೆ ಎಂದು ಬೇವಿನ ಗಿಡದ ಕೆಳಗೆ ಕೂತು ಎಲ್ಲರಿಗೂ ಹೇಳಿದ್ದೆ. ಯರಗಟ್ಟಿಯ ಆ ಬಾಕಿನ ಮೇಲೆ ತಿಳಿಯಿತು. ಪಾಲಿಶ್ ಮಾಡಿದವನಲ್ಲದೆ ಬೇರೆ ಯಾರಾದರೂ ಒಬ್ಬರು ನಳಿಗೆಯ ಒಳಗೆ ಬಗ್ಗಿ ನೋಡಲಿ ಎಂದೇ ಆ ಲೈಸೆನ್ಸು, ಆ ಕಾಗದ. ಮಾಡಿದವನು ತಾನಾಗಿ ಹೇಳುವುದಿಲ್ಲ. ನಮ್ಮ ಮನೆಯವರಂಥ ಒಳ್ಳೆಯ ಮನುಷ್ಯನೂ ಹೇಳಲಿಲ್ಲ. ಬೈಯಲು ಬಾಯಿ ತೆರೆದಿದ್ದೆ, ಆದರೆ ಅವರ ಗ್ಲಾಸು ವಾಲಿ ಚಹಾ ಅಂಗಿಯ ಮೇಲೆ ಚೆಲ್ಲಿತು. ಸೆರಗಿನಿಂದ ಒರೆಸಿ, "ಏಳ್ರಿ, ಬಸ್ಸು ಬಂತು" ಅಂದೆ.

ಸೀರೆಗಳ ಕಟ್ಟು ಬಿಚ್ಚಿದಾಗ ಹಸಿರು ಸೀರೆ ಇದ್ದ ಹಾಗೇ ಇತ್ತು. ದಾಳಿಂಬರ ಬಣ್ಣದ್ದರ ಅಂಚಿಗೆ ಮುದ್ರೆಯ ಅರಗು ಹನಿದು ಗಟ್ಟಿಯಾಗಿತ್ತು. ಇವರು ಸ್ಪಿರಿಟ್ಟಿನ ಬಾಟಲಿ ಹುಡುಕಿ ತಂದು, ಒಂದು ಹೊತ್ತು ಕೂತು ಅದನ್ನು ತೆಗೆದರು. ಕಲೆ ಪೂರಾ ಹೋಗಲಿಲ್ಲ. "ಹೋತೇನ್ರಿ?" ಎಂದು ಒಳಗಿನಿಂದ ಕೇಳಿದೆ.

"ಇಲ್ಲ" ಎಂದರು. "ಉಳದೈತಿ. ಹೋಗೂದಿಲ್ಲ."

ಒಲೆಯ ಮೇಲಿನ ರೊಟ್ಟಿ ಸೀಯುವವರೆಗೂ ನಾನು ಹಾಗೇ ನಿಂತಿದ್ದೆ.

ಚಪ್ಪರದ ಬೀಗ ಈಗ ತೆಗೆದಿದೆ. ಮೊನ್ನೆ ಓಣಿಯ ಒಬ್ಬಾಕೆ ಮೊಮ್ಮಗಳಿಗೆಂದು ಅಟ್ಟದ ಮೇಲಿನ ಹಳೆಯ ತೊಟ್ಟಿಲು ತಂದಿಟ್ಟು ಹೋಗಿದ್ದಳು. ಒಯ್ಯಲು ಬಂದಾಗ ಇವರು ಅದನ್ನು ಬೋರಲು ಹಾಕಿ, ಅಡ್ಡಪಟ್ಟಿಗೆ ಬೆರಳಿಟ್ಟು ತೋರಿಸಿದರು.

"ಇಲ್ಲೆ ಸೀಳೈತಿ ನೋಡವಾ. ತುಂಬಿ ಪಾಲಿಶ್ ಮಾಡಿದ್ರ ಕಾಣೂದಿಲ್ಲ. ಆದ್ರ ಕೂಸಿನ ಭಾರ ತಡಿಯೂದಿಲ್ಲ. ಇದು ಆಗೂದಿಲ್ಲ."

ಆಕೆ ಮುಖ ಸಿಂಡರಿಸಿಕೊಂಡು, "ಎಷ್ಟೋ ದೊಡ್ಡ ಕೆಲಸಗಾರಂತ ಹೇಳಿದ್ರು ನಿಮ್ಮನ್ನ" ಎಂದು ತೊಟ್ಟಿಲು ಹೊರಿಸಿಕೊಂಡು ಹೋದಳು. ಇವರು ಅಂಗಳದಲ್ಲಿ ನಿಂತು ಆಕೆ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದರು. ಬಂದು ನನ್ನ ಮುಂದೆ ಕೂತು, ದೊಡ್ಡ ಗಾಡಿಯನ್ನು ದಂಡೆಗೆ ನಿಲ್ಲಿಸಿ ಇಳಿದವರಂತೆ ಉಸಿರು ಬಿಟ್ಟರು.

"ಚಹಾ ಮಾಡ್ತೀಯೇನು?" ಎಂದರು.